ಬಿಂದಿಗೆ ಇರುವ ಮನೆ

ಟಿಣ್.

ಸ್ಟೂಲಿನ ಮೇಲೆ ನೀರಿನ ಲೋಟಕ್ಕೆ ತಾಗಿಕೊಂಡಿದ್ದ ಮೊಬೈಲು ಒಮ್ಮೆ ನಡುಗಿ, ಲೋಟದಿಂದ ಸಣ್ಣ ಸದ್ದು ಹೊರಟಿತು. ಸರಸ್ವತಿ ನಗರದ ಬೀದಿನಾಯಿಗಳೂ ಮಲಗಿದ್ದ ಹೊತ್ತು. ಸುಧಾ ಎದ್ದು ಕೂತಳು. ಅವಳ ನಿದ್ದೆಯೇ ಹಾಗೆ, ಚಪ್ಪಲಿ ಮೆಟ್ಟಿಕೊಂಡೇ ಮಲಗಿದವಳ ನಿದ್ದೆ.

ದಾವಣಗೆರೆಯ ಒಂದು ಪತ್ತಿನ ಸೊಸೈಟಿಯ ಮುಖ್ಯ ಕಚೇರಿಯಲ್ಲಿ ಅವಳಿಗೆ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ. ಅಲ್ಲಿ ‘ನೋಟಿಸು ಉಳಿತಾಯ’ ಎಂಬ ಖಾತೆಯುಂಟು. ಬಡ್ಡಿ ತುಸು ಹೆಚ್ಚು. ಆದರೆ ಹಣ ಬೇಕೆಂದರೆ ಎರಡು ವಾರ ಮುಂಚೆ ನೋಟಿಸು ಕೊಡಬೇಕು. ಆ ಗಡುವು ಮುಗಿದ ರಾತ್ರಿ ಸಾಫ್ಟ್‌ವೇರು ಖಾತೆಯನ್ನು ತೆರೆಯುತ್ತದೆ. ಒಂದು ವಾರದೊಳಗೆ ತೆಗೆದುಕೊಂಡರೆ ಸರಿ, ಇಲ್ಲವಾದರೆ ನೋಟಿಸು ರದ್ದಾಗಿ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

ಈಗ ಬಂದದ್ದು ಅಂಥದೇ ಸಂದೇಶ. ಹರಿಹರ ಶಾಖೆ, ರಂಗವ್ವ, ಖಾತೆ ತೆರೆದಿದೆ.

ಹರಿಹರದ ಒಂದೇ ಓಣಿಯ ಹೆಂಗಸರು ಒಬ್ಬರಾದ ಮೇಲೊಬ್ಬರು ನೋಟಿಸು ಕೊಡುತ್ತಿದ್ದರು. ಒಬ್ಬರೂ ಹಣ ತೆಗೆಯುತ್ತಿರಲಿಲ್ಲ. ರದ್ದಾದ ನೋಟಿಸುಗಳು ಪರದೆಯ ಮೇಲೆ ಕೆಂಪು ಸಾಲುಗಳಾಗಿ ಬೆಳೆಯುತ್ತಲೇ ಇದ್ದವು. ವ್ಯವಸ್ಥಾಪಕ ಪಂಚಾಕ್ಷರಪ್ಪನವರು ಸಿಡಿಮಿಡಿಗೊಂಡಿದ್ದರು.

“ಏನಮ್ಮ ಸುಧಾ, ಇವ್ರು ಸುಮ್ ಸುಮ್ನೆ ನೋಟಿಸು ಕೊಡಾದು, ನಾವು ದುಡ್ಡು ಎತ್ತಿಟ್ಕೊಂಡು ಮದುವಿ ಮನಿ ಬೀಗ್ರಂಗೆ ದಾರಿ ಕಾಯಾದು! ಯಾರೋ ಹಿಂದೆ ನಿಂತು ಆಡಿಸ್ತಾರೆ. ಶುಕ್ರವಾರ ಹೋಗಿ ನೋಡ್ಕೊಂಡ್ ಬಾ. ಅನುಮಾನ ಬಂದ್ರೆ ಅಷ್ಟೂ ಖಾತೆ ಬಂದ್ ಮಾಡಿಬಿಡು.”

ಬೆಳಗಾದರೆ ಶುಕ್ರವಾರ. ಅಷ್ಟರೊಳಗೆ ಏನಾದರೂ ಆಗಿಬಿಟ್ಟರೆ? ಗಂಡನಿಗೆ ಎಚ್ಚರವಾಗದಂತೆ ಲ್ಯಾಪ್‌ಟಾಪ್ ತೆರೆದು ರಂಗವ್ವನ ಖಾತೆಗೆ ತಡೆ ಹಾಕಿದಳು. ಆಮೇಲೆ ನಿದ್ದೆ ಬಂತು.

ಮರುದಿನ ಹರಿಹರ ಶಾಖೆಯ ಮೆಟ್ಟಿಲು ಹತ್ತುವಾಗಲೇ ಒಳಗಿನ ಜೋರು ದನಿ ಕೇಳಿಸಿತು.

“ನನ್ ದುಡ್ಡು ನಂಗೆ ಕೊಡಾಕ ನಿಮ್ ಕಂಪ್ಯೂಟ್ರಿಗೆ ಏನ್ ಹೊಟ್ಟೆನೋವ್ರಿ?”

ಕೌಂಟರಿನ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತವಳೇ ರಂಗವ್ವ. ಪಕ್ಕದಲ್ಲಿ ಬುರ್ಖಾ ತೊಟ್ಟ ಮುದುಕಿಯೊಬ್ಬಳು ಅವಳ ಮೊಣಕೈ ಹಿಡಿದಿದ್ದಳು. ಅವಳು ಖತೀಜಾಬೀ, ಅದೇ ಓಣಿಯ ಇನ್ನೊಬ್ಬ ಖಾತೆದಾರಳು. ಬಾಗಿಲ ಬಳಿ ಅವಳ ಮೊಮ್ಮಗಳು ಮುಬಶ್ಶಿರಾ ಮೊಬೈಲು ನೋಡುವುದು, ರಸ್ತೆ ನೋಡುವುದು ಮಾಡುತ್ತಿದ್ದಳು.

ಸುಧಾ ತಾನು ಯಾರೆಂದು ಹೇಳಿದಳು. “ತಡೆ ಹಾಕಿದ್ದು ನಾನೇ ಅಮ್ಮ. ಇಷ್ಟು ದಿವಸ ನೋಟಿಸು ಕೊಟ್ಟು ಕೊಟ್ಟು ಬಿಟ್ರಿ. ಇವತ್ತೇ ಯಾಕೆ ಹಣ ಬೇಕಾಯ್ತು?”

“ಬ್ಯಾಡಾಗಿತ್ತು, ಬಿಟ್ಟಿದ್ವಿ. ಬೇಕಾತು, ಬಂದ್ವಿ. ಉಣ್ಣಾಕೂ ಹಸಿವಾಗಬೇಕಲ್ರಿ ಮೇಡಮ್ಮಾರೇ.”

“ನಿಮಗೇ ಬೇಕಾ?”

ರಂಗವ್ವನ ಕಣ್ಣು ಪಕ್ಕಕ್ಕೆ ಸರಿದದ್ದನ್ನು ಸುಧಾ ಗಮನಿಸಿದಳು. ಬೇರೆಯವರಿಗಾಗಿ ಹಣ! ತಾನು ಹೆದರಿದ್ದು ಇದಕ್ಕೇ.

“ಸುಳ್ಳು ಯಾಕ ಹೇಳಬೇಕು ಬೇಟಿ,” ಖತೀಜಾಬೀ ಮುಂದೆ ಬಂದಳು. “ನನ್ ಮೊಮ್ಮಗಳಿಗೆ ಬೇಕಾಗೈತೆ. ದಾವಣಗೆರೆಯಾಗೆ ನರ್ಸಿಂಗ್ ಸೀಟು ಸಿಕ್ಕೈತೆ ಅಂತ ರಾತ್ರಿ ಮೆಸೇಜ್ ಬಂತು. ಇವತ್ತು ಸಂಜಿ ಒಳಗ ಫೀಸು ಕಟ್ಟಲಿಲ್ಲ ಅಂದ್ರೆ ಸೀಟು ಬೇರೇರಿಗೆ ಹೋಗ್ತೈತೆ.”

“ನಿಮ್ಮದೇ ಖಾತೆ ಇದೆಯಲ್ಲ?”

“ನಂದು ನಿನ್ನೆಗೆ ಮುಚ್ಚಿತು. ಬಿಂದಿಗೆ ರಂಗವ್ವನ ಮನಿಗೆ ಹೋತು.”

“ಯಾವ ಬಿಂದಿಗೆ?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ತೋರಿಸೇಬಿಡು,” ಎಂದಳು ಖತೀಜಾಬೀ. “ಬರ್ರಿ,” ಎಂದು ರಂಗವ್ವ ಮುಂದೆ ನಡೆದಳು.

ಹೊಳೆಯ ಕಡೆಗೆ ಇಳಿಯುವ ಓಣಿ ಅದು. ಒಂದು ಮನೆಯಲ್ಲಿ ಹೊಲಿಗೆ ಯಂತ್ರ ಗರಗರ ಅನ್ನುತ್ತಿತ್ತು, ಮತ್ತೊಂದರ ಮುಂದೆ ಹಪ್ಪಳ ಒಣಗುತ್ತಿದ್ದವು. ರಂಗವ್ವನ ಮನೆಯ ಕಟ್ಟೆಯ ಮೇಲೆ, ರಸ್ತೆಗೆ ಕಾಣುವ ಹಾಗೆ, ಕುತ್ತಿಗೆ ನೆಗ್ಗಿದ ತಾಮ್ರದ ಬಿಂದಿಗೆಯೊಂದು ಕೂತಿತ್ತು. ಬೆಳಗ್ಗೆ ತಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು.

“ಇದು ಶುಕ್ರವಾರಕ್ಕೊಮ್ಮೆ ಮುಂದಿನ ಮನಿಗೆ ಹೋಗ್ತೈತೆ,” ಖತೀಜಾಬೀ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟಳು. “ನಮ್ಮನಿಗೆ ಬರಾಕ ಇನ್ನ ಎರಡು ಮನಿ ಐತೆ ಅನ್ನೋವಾಗ ನಾವು ಹೋಗಿ ನೋಟಿಸು ಕೊಡಬೇಕು. ಬಿಂದಿಗೆ ಬರಾದಕ್ಕೂ ನಮ್ ಖಾತಾ ತೆರೆಯಾದಕ್ಕೂ ಸರಿ ಹೋಗ್ತೈತೆ. ನಮ್ದು ಮುಚ್ಚಾದ್ರಾಗೆ ಪಕ್ಕದವ್ರದು ತೆರೀತೈತೆ. ಯಾರಿಗೆ ಏನ್ ಬಂದ್ರೂ, ಬಿಂದಿಗೆ ಎಲ್ಲೈತೆ ನೋಡಾದು, ಆ ಬಾಗ್ಲ ಬಡಿಯಾದು.”

“ಇದನ್ನೆಲ್ಲ ಯಾರು ಹೇಳಿಕೊಟ್ಟರು?”

“ಹೇಳಿಕೊಡಾದೇನ್ ಬಂತು? ಮೊದ್ಲು ಬೀದಿ ನಲ್ಲಿಗೆ ಪಾಳಿ ಹಚ್ಚತಿದ್ವಲ್ಲ, ಅದೇ ಬಿಂದಿಗೆ ಇದು. ನಲ್ಲಿ ಮನಿ ಮನಿಗೆ ಬಂತು. ಇದು ಮೂಲ್ಯಾಗೆ ಕುಂತು ಕಿಲುಬು ಹಿಡೀತಿತ್ತು.”

“ಸೊಸೈಟ್ಯಾಗೆ ಕೆಲ್ಸಕ್ಕೆ ಸೇರಿಸಿದ್ವಿ,” ಎಂದಳು ರಂಗವ್ವ. “ಪಗಾರ ಇಲ್ಲ ಪಾಪ.”

ಸುಧಾಳಿಗೆ ನಗು ಬರಲಿಲ್ಲ. ಅವಳು ಓಣಿಯ ಆ ತುದಿಯಿಂದ ಈ ತುದಿಯವರೆಗೆ ಬಾಗಿಲುಗಳನ್ನು ನೋಡುತ್ತ ನಿಂತುಬಿಟ್ಟಳು. ಎರಡು ವಾರ ಕಾಯಲೇಬೇಕು ಎಂಬ ನಿಯಮವನ್ನು ಇವರು ಎಲ್ಲೂ ಮುರಿದಿರಲಿಲ್ಲ. ಮುರಿಯದೆಯೇ, ಒಂದು ದಿನವೂ ಕಾಯಬೇಕಿಲ್ಲದ ಓಣಿಯನ್ನು ಕಟ್ಟಿಕೊಂಡಿದ್ದರು. ತಾನು ರಾತ್ರಿಗಳನ್ನು ಕಳೆದದ್ದು ಆ ಕೆಂಪು ಸಾಲುಗಳಿಗೆ ಹೆದರಿ. ಅವು ಏನೆಂದು ಈಗ ತಿಳಿಯಿತು. ಬಿಂದಿಗೆ ಕಟ್ಟೆಯ ಮೇಲೆ ಕಾದು ಕೂತಿದ್ದು, ಯಾರೂ ಬಂದು ಬಾಗಿಲು ಬಡಿಯದೆ ಹೋದ ವಾರಗಳು ಅವು. ಒಂದೊಂದು ಕೆಂಪು ಸಾಲೂ ಈ ಓಣಿ ನೆಮ್ಮದಿಯಾಗಿ ಉಂಡು ಮಲಗಿದ ಒಂದೊಂದು ವಾರ. ಗುಡಿಯೊಳಗೆ ಬಂದವಳಂತೆ, ಗೊತ್ತಿಲ್ಲದೆಯೇ ಚಪ್ಪಲಿ ಬಿಟ್ಟು ಕಟ್ಟೆಯ ಹತ್ತಿರ ಹೋಗಿ ಬಿಂದಿಗೆಯನ್ನು ಮುಟ್ಟಿದಳು. ಬಿಸಿಲಿಗೆ ಬೆಚ್ಚಗಿತ್ತು.

“ಮೇಡಂ,” ಹಿಂದಿನಿಂದ ಮುಬಶ್ಶಿರಾ ಮೆಲ್ಲಗೆ ಕರೆದಳು. “ಬಸ್ಸು...”

ಸುಧಾ ಬೆಚ್ಚಿದಳು. ಸಾಲಾಗಿ ನಿಂತ ಅಷ್ಟು ಬಾಗಿಲುಗಳಲ್ಲಿ ಇವತ್ತು ತೆರೆದಿರಬೇಕಾದದ್ದು ಒಂದೇ. ಅದಕ್ಕೇ ತಾನು ಅಗುಳಿ ಹಾಕಿ ಬಂದಿದ್ದಳು.

ಶಾಖೆಗೆ ಓಡುತ್ತಲೇ ಬಂದಳು. ತಡೆ ತೆಗೆಯಲು ಹೋದರೆ ಸಾಫ್ಟ್‌ವೇರು ಕಾರಣ ಕೇಳಿತು. ಒಂದು ಪದ ಬರೆಯಬೇಕಾದರೂ ನಾಲ್ಕು ಸಲ ಯೋಚಿಸುವವಳು ಅವಳು. ‘ಖುದ್ದಾಗಿ ವಿಚಾರಿಸಿದೆ. ಖಾತೆದಾರರ ಮನೆಯವರ ಅಗತ್ಯ’ ಎಂದು ಬರೆದಳು. ‘ಮನೆಯವರ’ ಎಂಬಲ್ಲಿ ಬೆರಳು ಒಂದು ಗಳಿಗೆ ನಿಂತಿತು. ತಿದ್ದಲಿಲ್ಲ.

ರಂಗವ್ವ ಹಣ ತೆಗೆದು ಎಣಿಸದೆಯೇ ಹುಡುಗಿಯ ಚೀಲಕ್ಕೆ ತುರುಕಿದಳು. “ಹೋಗು, ಓಡು. ಮುಂದೆ ನಂಗೆ ಸೂಜಿ ಚುಚ್ಚಾವಾಗ ಮೆತ್ತಗೆ ಚುಚ್ಚು, ಅಷ್ಟ ಸಾಕು.”

ದಾವಣಗೆರೆಯ ಬಸ್ಸಿನಲ್ಲಿ ಸುಧಾ ಎರಡು ಸೀಟು ಹಿಂದೆ ಕೂತಳು. ಮುಂದೆ ಚೀಲವನ್ನು ಎದೆಗವಚಿ ಕೂತ ಹುಡುಗಿಯ ದುಪಟ್ಟಾ ಗಾಳಿಗೆ ಹಾರುತ್ತಿತ್ತು. ಪಂಚಾಕ್ಷರಪ್ಪನವರ ಫೋನು ಬಂತು.

“ಏನಾತಮ್ಮ? ಯಾರದು ಆಟ?”

“ಯಾರದೂ ಇಲ್ಲ ಸರ್. ಎಲ್ಲ ನಿಯಮದ ಪ್ರಕಾರವೇ ಇದೆ. ಅವರವರ ಹಣ, ಅವರವರೇ ಬಂದು ನೋಟಿಸು ಕೊಡುತ್ತಾರೆ.”

“ಮತ್ತೆ ತಗಳಲ್ಲ ಯಾಕ?”

“ಬೇಕಾಗಿರಲ್ಲ ಸರ್. ಮುನ್ನೆಚ್ಚರಿಕೆಗೆ ಕೊಟ್ಟಿರ್ತಾರೆ.”

ಆ ಕಡೆ ಅವರು ನಕ್ಕರು. “ಎಲ್ಲಾ ನಿನ್ನಂಥೋರೇ ಸಿಕ್ಕಾರೆ ಬಿಡು. ಖಾತೆ ಹಂಗೇ ಇರ್ಲಿ.”

ಫೋನು ಕೈಯಲ್ಲೇ ಇತ್ತು. ಮತ್ತೆ ಕರೆದು ಹೇಳಿಬಿಡಲೇ ಎಂದು ಒಮ್ಮೆ ಅನ್ನಿಸಿತು, ಅಷ್ಟು ತುಂಬಿಕೊಂಡಿತ್ತು ಎದೆ. ಆದರೆ ಹೇಳಿದರೆ ಆಗುವುದು ಗೊತ್ತಿತ್ತು. ಒಂದೋ ಇದನ್ನು ನಿಲ್ಲಿಸಲು ಹೊಸ ನಿಯಮ ಬರುತ್ತದೆ, ಇಲ್ಲವೇ ಅಧ್ಯಕ್ಷರ ಫೋಟೋ ಹಾಕಿ ‘ಬಿಂದಿಗೆ ಯೋಜನೆ’ ಎಂದು ಫ್ಲೆಕ್ಸು ಕಟ್ಟುತ್ತಾರೆ. ಎರಡರಲ್ಲಿ ಯಾವುದಾದರೂ ಆ ಕಟ್ಟೆ ಬರಿದಾಗುತ್ತದೆ.

ಬಸ್ಸು ಊರೊಳಗೆ ತಿರುಗಿತು. ಮುಬಶ್ಶಿರಾ ಇಳಿದು, ತಿರುಗಿ ನೋಡಿ ಒಮ್ಮೆ ಕೈ ಎತ್ತಿ, ಜನರ ನಡುವೆ ಓಡಿದಳು. ಸುಧಾ ಫೋನನ್ನು ಚೀಲದ ತಳಕ್ಕೆ ಹಾಕಿ ಜಿಪ್ ಎಳೆದಳು. ಕಚೇರಿಯಲ್ಲಿ ಬೇಡ, ಮನೆಯಲ್ಲಿ ಗಂಡನಿಗೂ ಬೇಡ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು.