ಕೆಂಪು ಗಾಡಿಗಳೆಲ್ಲ ಮಣಿಯವು

ಪಂದಲೂರಿನ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳಿಬ್ಬರಿಗೆ ಇಡ್ಲಿ ತಿನ್ನಿಸುವ ಹೊತ್ತಿಗೇ ಗಾಯತ್ರಿಗೆ ಅವರ ತಾಯಿ ತೀರಿಕೊಂಡದ್ದು ಗೊತ್ತಿತ್ತು. ಮಕ್ಕಳಿಗೆ ಗೊತ್ತಿರಲಿಲ್ಲ.

ತಾಯಿ ಮಲರ್‌ಕೊಡಿ, ಗಾಯತ್ರಿಯ ಅಣ್ಣ ಪ್ರಭುವಿನ ಹೆಂಡತಿ. ಮಳೆಗಾಲಕ್ಕೆ ಮುಂಚೆಯೇ ರಕ್ತದ ಕಾಯಿಲೆಯೆಂದು ಕೊಯಮತ್ತೂರಿನ ಆಸ್ಪತ್ರೆ ಸೇರಿದ್ದಳು. ಪ್ರಭು ತನ್ನ ಚಹಾ ತೋಟವನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ ಅವಳ ಜೊತೆಗೇ ಉಳಿದ. ನಾಲ್ಕನೇ ಕ್ಲಾಸಿನ ಸಿಂಧುಜಾ, ಇನ್ನೂ ಅಂಗನವಾಡಿಗೆ ಹೋಗುವ ಮಣಿಕಂಡನ್ ಇಬ್ಬರೂ ಪಂದಲೂರಿನಲ್ಲಿ ಗಾಯತ್ರಿಯ ಮನೆಯಲ್ಲಿದ್ದರು. ಆ ಬೆಳಿಗ್ಗೆ ಪ್ರಭು ಫೋನ್ ಮಾಡಿದ. ಕೀಳ್ ಕೋತಗಿರಿಯ ಪಕ್ಕದ ತಮ್ಮ ಹಟ್ಟಿಗೆ ಹೆಣ ತರುತ್ತಿದ್ದೇವೆ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಮಕ್ಕಳನ್ನು ಕರೆದುಕೊಂಡು ಬಾ ಎಂದ. ದಾರಿಯಲ್ಲಿ ಅವರಿಗೆ ಏನೂ ಹೇಳಬೇಡ, ಹೇಳುವುದು ನನ್ನ ಕೆಲಸ ಎಂದೂ ಹೇಳಿದ.

ಗಾಯತ್ರಿಯ ಗಂಡ ಲಾರಿ ತೆಗೆದುಕೊಂಡು ಕೇರಳದ ಕಡೆ ಹೋಗಿದ್ದ. ಅವಳೊಬ್ಬಳೇ ಹೊರಟಳು. ಅವ್ವೆ ಆಸ್ಪತ್ರೆಯಿಂದ ಹಟ್ಟಿಗೆ ಬಂದಿದ್ದಾಳೆ, ನೋಡಲು ಹೋಗುತ್ತಿದ್ದೇವೆ ಎಂದು ಮಕ್ಕಳಿಗೆ ಹೇಳಿದಳು. ಅದು ಸುಳ್ಳಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡಳು.

ಗೂಡಲೂರಿನಲ್ಲಿ ಬಸ್ ಬದಲಾಯಿಸಿದರು. ಘಾಟಿ ಏರತೊಡಗಿದ ಮೇಲೆ ಮಣಿಗೆ ಹೊಟ್ಟೆ ತೊಳಸಿತು. ಗಾಯತ್ರಿ ನಿಂಬೆಹಣ್ಣು ಮೂಸಲು ಕೊಟ್ಟು, ಕಣ್ಣು ದೂರದಲ್ಲಿರಲೆಂದು ಒಂದು ಆಟ ಹೂಡಿದಳು. ಎದುರಿನಿಂದ ಬರುವ ಕೆಂಪು ಗಾಡಿಗಳೆಲ್ಲ ಮಣಿಯವು, ಬಿಳಿಯವೆಲ್ಲ ಸಿಂಧುಜಾಳವು. ಬಿಳಿ ಗಾಡಿಗಳೇ ಹೆಚ್ಚು ಬಂದವು. ಮಣಿ ಮುಖ ಊದಿಸಿದ. ಕೆಂಪಿಗೆ ಡಬಲ್ ಎಂದು ಗಾಯತ್ರಿ ಆಟದ ನಿಯಮವನ್ನೇ ತಿದ್ದಿದಳು. ಆಮೇಲೆ ಕಪಿಗಳನ್ನು ಎಣಿಸಿದರು, ತಿರುವಿನಾಚೆ ಏನಿದೆಯೆಂದು ಊಹಿಸಿದರು, ಬೆಲ್ಲ ಕದ್ದ ಕರಡಿಯ ಕಥೆಯೊಂದನ್ನು ಅವಳು ಬಾಯಿಗೆ ಬಂದಂತೆ ಕಟ್ಟಿ ಹೇಳಿದಳು. ಮಾತು ನಿಲ್ಲಿಸಿದರೆ ಅಳು ಬಂದುಬಿಡುತ್ತದೆಂದು ಅವಳಿಗೆ ಹೆದರಿಕೆ. ಕರಡಿಯ ಕಥೆಯ ನಡುವೆ ಮಣಿ, ಅವ್ವೆಗೆ ಕೂದಲು ಮತ್ತೆ ಬಂದಿದೆಯಾ ಎಂದು ಕೇಳಿದ. ಹೋಗಿ ನೋಡೋಣ ಎಂದಳು.

ನಡುವಟ್ಟಂ ದಾಟಿದ ಮೇಲೆ ಬಸ್ ನಿಂತಿತು. ಗಾಳಿಗೆ ದೊಡ್ಡ ನೀಲಗಿರಿ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಮರ ಕೊಯ್ಯುವವರು ಊಟಿಯಿಂದ ಬರಬೇಕಂತೆ. ಗಾಡಿಗಳ ಸಾಲು ಬೆಳೆಯಿತು. ಮಳೆ ಹನಿಯತೊಡಗಿತು.

ಆಗ ಹಟ್ಟಿಯಿಂದ ಹಿರಿಯರಾದ ಹಾಲನ್ ಫೋನ್ ಮಾಡಿದರು. ಅವರಿಗೆ ಕಿವಿ ಮಂದ, ಮಾತು ಜೋರು. ಗಾಯತ್ರಿ ಫೋನನ್ನು ಕಿವಿಗೆ ಒತ್ತಿ ಹಿಡಿದರೂ ಅವರ ದನಿ ಹೊರಗೆ ಕೇಳುತ್ತಿತ್ತು: "ಮಲರ್ ಬಂದಾಯ್ತು. ಎಲ್ಲರೂ ಸೇರಿದ್ದಾರೆ. ಮಕ್ಕಳು ಮುಖ ನೋಡಬೇಕಾದರೆ ಬೇಗ ಬನ್ನಿ. ಹೊತ್ತು ಇಳಿದ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ."

ಗಾಯತ್ರಿ ಫೋನ್ ಇಟ್ಟು ತಿರುಗಿ ನೋಡಿದಳು. ಮಣಿ ಗಾಜಿನ ಮೇಲಿನ ಆವಿಯಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದ. ಸಿಂಧುಜಾ ಮಾತ್ರ ಅವಳನ್ನೇ ನೋಡುತ್ತಿದ್ದಳು. ಹುಡುಗಿಯ ತುಟಿ ಬಿಳಿಚಿತ್ತು. ಗಾಯತ್ರಿ ಕೈ ಚಾಚಿದಳು, ಅವಳು ಹಿಡಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹತ್ತಿರ ಸರಿದು ಮೆಲ್ಲಗೆ, "ಮಾಮಿ, ಮಣಿಗೆ ಹೇಳಬೇಡಿ. ಇಲ್ಲಿ ಅತ್ತರೆ ಅವನು ವಾಂತಿ ಮಾಡಿಕೊಳ್ಳುತ್ತಾನೆ" ಎಂದಳು. ಆಮೇಲೆ ತಮ್ಮನ ಕಡೆ ತಿರುಗಿ, ಈಗ ಹೊಸ ಆಟ, ನಿಂತ ಗಾಡಿಗಳಲ್ಲಿ ಎಷ್ಟು ಜನ ನಿದ್ದೆ ಮಾಡುತ್ತಿದ್ದಾರೆ ನೋಡೋಣ ಎಂದಳು. ದನಿ ನಡುಗಲಿಲ್ಲ. 

ಮರದ ಆಚೆ ಊಟಿಯ ಕಡೆಯಿಂದ ಬಂದ ಬಸ್ಸೊಂದು ನಿಂತಿತ್ತು. ಗಾಯತ್ರಿ ಮಣಿಯನ್ನು ಸೊಂಟಕ್ಕೆ ಏರಿಸಿಕೊಂಡು ಸಿಂಧುಜಾಳ ಜೊತೆ ಕೊಂಬೆಗಳ ನಡುವೆ ನುಸುಳಿ ಆಚೆ ದಾಟಿದಳು. ಆ ಬಸ್ಸಿನ ಕಂಡಕ್ಟರ್ ಜಯರಾಮನ್ ಎಂಬಾತ, ರಸ್ತೆ ತೆರೆದ ಮೇಲೆಯೇ ಹೊರಡುವುದು ಎಂದ. ಗಾಯತ್ರಿ ಅವನನ್ನು ಬದಿಗೆ ಕರೆದು ವಿಷಯ ಹೇಳಿದಳು. ಅವನು ಮಕ್ಕಳನ್ನು ನೋಡಿದ. ಡ್ರೈವರ್ ಹತ್ತಿರ ಹೋದ. ಆಮೇಲೆ ಪ್ರಯಾಣಿಕರ ಹತ್ತಿರ ಹೋಗಿ, ಗೂಡಲೂರಿಗೆ ಹೋಗುವವರು ಮರ ದಾಟಿ ಆಚೆಯ ಬಸ್ ಹತ್ತಿ, ಇದನ್ನು ಊಟಿಗೆ ತಿರುಗಿಸುತ್ತೇವೆ ಎಂದ. ಕೆಲವರು ಗೊಣಗಿದರು. ಅವನು ತಗ್ಗಿದ ದನಿಯಲ್ಲಿ ಮತ್ತೇನೋ ಹೇಳಿದ ಮೇಲೆ ಗೊಣಗಾಟ ನಿಂತಿತು. ಮೊದಲ ಬಸ್ಸಿನಲ್ಲಿದ್ದ ಊಟಿಯವರೂ ಮರ ದಾಟಿ ಬಂದು ಇದನ್ನು ಹತ್ತಿದರು; ಅವರಿಗೂ ಅವನು ಹಾಗೆಯೇ ಹೇಳಿದ.

ಊಟಿಯವರೆಗೂ ಆ ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಜಯರಾಮನ್ ತನ್ನ ಸೀಟಿಯನ್ನು ಮಣಿಯ ಕೈಗೆ ಕೊಟ್ಟು, ಪ್ರತಿ ಸ್ಟಾಪಿನಲ್ಲೂ ಅವನಿಂದಲೇ ಊದಿಸಿದ. ಎಲೆ ಕೊಯ್ಯುವ ಹೆಂಗಸೊಬ್ಬಳು ಮಡಿಲಿನಿಂದ ಕಡಲೆಕಾಯಿ ಕೊಟ್ಟಳು. ಮುಂದಿನ ಸೀಟಿನ ಮುದುಕರೊಬ್ಬರು ಕೆಂಪು ಗಾಡಿ ಕಂಡಾಗಲೆಲ್ಲ, ಅಗೋ ನಿನ್ನದು ಎಂದು ತೋರಿಸಿ ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಇಷ್ಟು ಜನ ತನ್ನ ಜೊತೆ ಆಡುವುದನ್ನು ಮಣಿ ಎಂದೂ ಕಂಡಿರಲಿಲ್ಲ. ನಕ್ಕು ನಕ್ಕು ಅವನಿಗೆ ಬಿಕ್ಕಳಿಕೆ ಬಂತು. ಸಿಂಧುಜಾ ಅವನಿಗೆ ನೀರು ಕುಡಿಸಿ ಬೆನ್ನು ತಟ್ಟಿದಳು.

ಊಟಿಯಲ್ಲಿ ಪ್ರಭುವಿನ ಸ್ನೇಹಿತ ರಾಜ್‌ಕುಮಾರ್ ಜೀಪ್ ತಂದು ಕಾಯುತ್ತಿದ್ದ. ಕೋತಗಿರಿ ದಾಟಿ ಹಟ್ಟಿಯ ಇಳಿಜಾರಿಗೆ ಬಂದಾಗ ಬಿಸಿಲು ಚಹಾ ತೋಟದ ಮೇಲಂಚಿನಲ್ಲಿ ಮಾತ್ರ ಉಳಿದಿತ್ತು. ಕೆಳಗಿನಿಂದ ವಾದ್ಯದ ಸದ್ದು ಕೇಳಿತು. ತಮ್ಮ ಹಟ್ಟಿಗಳಲ್ಲಿ ಸತ್ತವರನ್ನೂ ವಾದ್ಯ ಬಾರಿಸಿಯೇ ಕಳಿಸುವುದೆಂದು ಮಣಿಗೆ ತಿಳಿಯದು. ಅವನು ಅದನ್ನು ಕೇಳಿದ್ದು ಹಟ್ಟಿಯ ದೇವಿ ಹೆತ್ತೆಯ ಹಬ್ಬದಲ್ಲಿ ಮಾತ್ರ.

"ಹೆತ್ತೆ ಹಬ್ಬವಾ ಮಾಮಿ?" ಎಂದ.

ಗಾಯತ್ರಿ ಬಾಯಿ ತೆರೆಯುವ ಮುಂಚೆ ಜೀಪ್ ನಿಂತಿತು. ಅವನು ಅವಳ ಕೈ ಬಿಡಿಸಿಕೊಂಡು ಧುಮುಕಿ, ಬಿಳಿ ಬಟ್ಟೆ ಹೊದ್ದ ಜನರ ನಡುವೆ ದಾರಿ ಮಾಡಿಕೊಂಡು ಓಡಿದ. ನಾನು ಗೆದ್ದೆ, ಕೆಂಪು ಗಾಡಿಯಲ್ಲಿ ನಾನು ಗೆದ್ದೆ ಎಂದು ಅವ್ವೆಯನ್ನು ಕೂಗುತ್ತಲೇ ಹೋದ. ಜನ ಪಕ್ಕಕ್ಕೆ ಸರಿದರು. ವಾದ್ಯದವರು ಬಾರಿಸುವುದನ್ನು ಬಿಟ್ಟರು. ಅವ್ವೆಯನ್ನು ಮಲಗಿಸಿದ್ದ ಮಂಚದ ಮುಂದೆ ಅವನು ನಿಂತುಬಿಟ್ಟ.

ಪ್ರಭು ಬಂದು ಮಗನನ್ನು ಎತ್ತಿಕೊಂಡ. ತಾನೇ ಹೇಳುತ್ತೇನೆಂದಿದ್ದ ಮಾತನ್ನು ಅವನು ಹೇಳುವ ಮೊದಲೇ ಮಣಿ ತಂದೆಯ ಹೆಗಲ ಮೇಲಿನಿಂದ ಗಾಯತ್ರಿಯನ್ನು ಹುಡುಕಿ, "ಬಸ್ಸಿನವರಿಗೆಲ್ಲ ಗೊತ್ತಿತ್ತಾ?" ಎಂದು ಕೇಳಿದ.

ಅವಳು ಗೊತ್ತಿತ್ತೆಂದು ತಲೆಯಾಡಿಸಿದಳು. ಅಲ್ಲಿಯವರೆಗೆ ಅಳದಿದ್ದ ಸಿಂಧುಜಾ ಆಗ ತಾಯಿಯ ಕಾಲಿನ ಬಳಿ ಕುಸಿದು ಅತ್ತಳು. ಮಣಿ ಅಳಲಿಲ್ಲ. ಮಣ್ಣು ಮಾಡಿ ಬರುವವರೆಗೂ ತಂದೆಯ ಶರ್ಟಿನ ಕಾಲರ್ ಹಿಡಿದುಕೊಂಡೇ ಇದ್ದ.

ಕಾರ್ಯ ಮುಗಿದ ಮೇಲೆ ಮಕ್ಕಳು ಹಟ್ಟಿಯಲ್ಲೇ ತಂದೆಯ ಜೊತೆ ಉಳಿದರು. ಶಾಲೆಗೆ ರಜೆ ಬಂದಾಗಲೆಲ್ಲ ಗಾಯತ್ರಿ ಬಂದು ಅವರನ್ನು ಪಂದಲೂರಿಗೆ ಕರೆಯುತ್ತಾಳೆ. ಮಣಿ ಬೇಡ ಅನ್ನುವುದಿಲ್ಲ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಾನೆ:

"ಅಲ್ಲಿ ಯಾರು ಸತ್ತಿದ್ದಾರೆ?"

ಯಾರೂ ಇಲ್ಲ ಕಣೋ ಎಂದು ಗಾಯತ್ರಿ ಹೇಳುತ್ತಾಳೆ. ಅವನು ಅಕ್ಕನ ಮುಖ ನೋಡುತ್ತಾನೆ. ಅವಳೂ ಇಲ್ಲವೆನ್ನುತ್ತಾಳೆ. ಆದರೂ ಬಸ್ಸಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಅವನು ಅಕ್ಕನ ಪಕ್ಕೆಗೆ ಒತ್ತಿಕೊಂಡು ಕಣ್ಣು ಮುಚ್ಚಿಬಿಡುತ್ತಾನೆ.