ಮೌನೇಶಪ್ಪನವರು ಕೊಟ್ಟ ಉತ್ತರಗಳು

ನಾನು ಒಂದು ಡಿವಿಡಿ ರೆಕಾರ್ಡರ್. ಟಿವಿಯಲ್ಲಿ ಬಂದದ್ದನ್ನು ಹೊಟ್ಟೆಯೊಳಗೆ ಹಿಡಿದಿಟ್ಟುಕೊಂಡು, ಬೇಕೆಂದಾಗ ಡಿವಿಡಿಗೆ ಇಳಿಸಿಕೊಡುವುದು ನನ್ನ ಕಸುಬು. ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಅಲ್ಲೊಬ್ಬ ಹೆಂಗಸು ನನ್ನ ಮುಚ್ಚಳಕ್ಕೆ ಕೊನೆಯ ಸ್ಕ್ರೂ ಬಿಗಿದು, ಮುಖ ಕೂಡ ನೋಡದೆ ಮುಂದಕ್ಕೆ ತಳ್ಳಿದಳು. ಆಮೇಲೆ ಬಹಳ ಕಾಲ ಥರ್ಮಾಕೋಲಿನ ಕತ್ತಲು. ಕಣ್ಣು ಬಿಟ್ಟದ್ದು ಗದಗಿನಲ್ಲಿ, ಮೌನೇಶಪ್ಪ ಬಡಿಗೇರರ ಮನೆಯಲ್ಲಿ.

ಮೌನೇಶಪ್ಪನವರು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರರಾಗಿದ್ದವರು. ಹೆಂಡತಿ ಸೋನುಬಾಯಿ ಅದೇ ಕಂಪನಿಯ ನಟಿ. ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಅವರಿಗೆ ಟಿವಿ ಧಾರಾವಾಹಿಯೊಂದರಲ್ಲಿ ಅಜ್ಜಿಯ ಪಾತ್ರ ಸಿಕ್ಕಿತು. ಶೂಟಿಂಗಿಗೆಂದು ಅವರು ಬೆಂಗಳೂರಿಗೆ ಹೋದರೆ ಮನೆಯಲ್ಲಿ ಮಾಸ್ತರರೂ ನಾನೂ ಇಬ್ಬರೇ.

"ಕಂಪನ್ಯಾಗ ಇಕಿ ಮಾಡಿದ ಪಾರ್ಟು ಒಂದೂ ಉಳೀಲಿಲ್ಲ. ಪರದೆ ಬಿತ್ತು, ಹೋತು. ಇದನ್ನರ ಉಳಸೂಣು" ಎಂದು ನನ್ನೊಡನೆಯೇ ಮಾತಾಡುತ್ತ ದಿನವೂ ಕಂತು ರೆಕಾರ್ಡ್ ಮಾಡುತ್ತಿದ್ದರು.

ಕೊನೆಗೆ ನನ್ನ ಹೊಟ್ಟೆ ತುಂಬಿತು. ಎಲ್ಲವೂ ಒಂದೇ ಡಿವಿಡಿಯಲ್ಲಿ ಇರಬೇಕೆಂದು ಅವರ ಹಟ. ಬಿಡಿಬಿಡಿಯಾದರೆ ಕಂಪನಿಯ ಫೋಟೋಗಳಂತೆ ಎಲ್ಲೆಲ್ಲೋ ಕಳೆದುಹೋಗುತ್ತವೆಂಬ ಭಯ. ಆದರೆ ಡಿವಿಡಿಯಲ್ಲಿ ಹೆಚ್ಚು ತಾಸು ತುರುಕಿದಷ್ಟೂ ಚಿತ್ರ ಕೆಡುತ್ತದೆ. ಮೊದಲ ಸಲ ಹಿಡಿದಷ್ಟನ್ನೂ ತುರುಕಿ ನೋಡಿದರೆ, ಸೋನುಬಾಯಿಯ ಕಣ್ಣಿದ್ದಲ್ಲಿ ಬರೀ ಚೌಕುಳಿ.

"ಕಣ್ಣ ಇಲ್ಲಂದ್ರ ಸೋನಾ ಎಲ್ಲಿ ಬಂದ್ಲು?" ಎಂದು ಮಾಸ್ತರರು ಆ ಡಿವಿಡಿಯನ್ನು ಹೊರಗೆ ತೆಗೆದರು.

ಆಮೇಲೆ ಕತ್ತರಿಸಲು ಕುಳಿತರು. ಜಾಹೀರಾತು ಹೋದವು, ಮೊದಲಿನ ಹಾಡು ಹೋಯಿತು. ಇನ್ನೂ ಹಿಡಿಸದಿದ್ದಾಗ ಧಾರಾವಾಹಿಯ ಸೊಸೆ, ಮಗ, ಮೊಮ್ಮಗಳು ಒಬ್ಬೊಬ್ಬರಾಗಿ ಹೋದರು. ಸೋನುಬಾಯಿ ಮಾತಾಡುವ ತುಣುಕುಗಳಷ್ಟೇ ಉಳಿದು, ಒಂದು ಡಿವಿಡಿಯಲ್ಲಿ ಸರಿಯಾಗಿ ಕೂತವು. ಚಿತ್ರ ಎಷ್ಟು ಸ್ವಚ್ಛವೆಂದರೆ ಮೂಗುಬೊಟ್ಟಿನ ಹೊಳಪೂ ಕಾಣುತ್ತಿತ್ತು. ಖುಷಿಯಲ್ಲಿ ಮಾಸ್ತರರು ನನ್ನಲ್ಲಿದ್ದ ಮೂಲ ಕಂತುಗಳನ್ನೆಲ್ಲ ಅಳಿಸಿದರು.

ಸೋನುಬಾಯಿ ಊರಿಗೆ ಬಂದ ಕೂಡಲೇ ಹಾಕಿ ತೋರಿಸಿದರು. ಪರದೆಯ ಮೇಲಿನ ಅಜ್ಜಿ ಕೇಳಿದಳು, "ಊಟ ಆತೇನವ್ವಾ?" ಮರುಕ್ಷಣ ಬೇರೆ ಸೀರೆಯಲ್ಲಿ, "ಯಾಕ ಅಳಾಕತ್ತಿ?" ಮತ್ತೆಲ್ಲೋ ಬಾಗಿಲಲ್ಲಿ ನಿಂತು, "ಯಾವಾಗ ಬರ್ತಿ?" ಯಾವುದಕ್ಕೂ ಉತ್ತರವಿಲ್ಲ.

"ಮಾಸ್ತರ್ರ, ನಾ ಯಾರ ಜೋಡಿ ಮಾತಾಡಾಕತ್ತೀನ್ರಿ?" ಎಂದರು ಸೋನುಬಾಯಿ. "ಮನಿ ತುಂಬ ಮಂದಿ ಇದ್ರಲ್ಲ!"

ಮಾಸ್ತರರ ಮುಖ ಸಣ್ಣದಾಯಿತು. ಮತ್ತೆ ಮೊದಲಿನಿಂದ ಹಾಕಿದರು. ಅಜ್ಜಿ ಊಟ ಆಯಿತೇ ಎಂದು ಕೇಳುತ್ತಲೇ ಚಿತ್ರ ನಿಲ್ಲಿಸಿ, ಸೊಸೆಯ ದನಿ ತೆಗೆದು, "ಇಲ್ರೀ ಅತ್ತಿ, ನಿಮ್ಮನ್ನ ಬಿಟ್ಟು ಹೆಂಗ ಉಣ್ಲಿ?" ಎಂದರು. ಸೋನುಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಂದಿನಿಂದ ಅವರು ಬಂದಾಗಲೆಲ್ಲ ಇದೇ ಆಟ. ಒಂದೊಂದು ದಿನ ಒಂದೊಂದು ಉತ್ತರ. ಒಮ್ಮೆಯಂತೂ ಮೊಮ್ಮಗಳಾಗಿ ಅತ್ತು, ಹೆಂಡತಿಯನ್ನೂ ಅಳಿಸಿಬಿಟ್ಟರು.

ಒಂದು ಬೇಸಿಗೆಯಲ್ಲಿ ಮಾಸ್ತರರು ಎದೆನೋವಿನಿಂದ ತೀರಿಕೊಂಡರು. ಸೋನುಬಾಯಿ ಧಾರಾವಾಹಿ ಬಿಟ್ಟು ಬಂದರು. ಒಂದು ಮಧ್ಯಾಹ್ನ ಡಿವಿಡಿ ಹಾಕಿ, ಮೊದಲ ಪ್ರಶ್ನೆ ಮುಗಿದಲ್ಲಿ ನಿಲ್ಲಿಸಿ, ನನ್ನನ್ನೇ ನೋಡುತ್ತ ಕೂತರು. ಯಾರ ದನಿಗಾಗಿ ಎಂದು ನನಗೆ ಗೊತ್ತಿತ್ತು. ಆದರೆ ತಂತಿಯಲ್ಲಿ ಬಂದದ್ದನ್ನಷ್ಟೇ ನಾನು ಹಿಡಿದಿಡಬಲ್ಲೆ. ಎದುರಿಗೆ ಕೂತು ಆಡಿದ ಮಾತು ನನ್ನಲ್ಲಿ ನಿಲ್ಲುವುದಿಲ್ಲ. ಅವರು ಮೆಲ್ಲಗೆ ಎದ್ದು ಸ್ವಿಚ್ ಆರಿಸಿದರು.

ಮುಂದೆ ನನ್ನನ್ನು ಟಿವಿ ರಿಪೇರಿಯ ಇಮ್ತಿಯಾಜನ ಅಂಗಡಿಗೆ ಕೊಟ್ಟರು.

"ಒಳಗ ಡಿವಿಡಿ ಐತ್ರಿ, ಅವ್ವಾರ. ನಿಮ್ಮದ ಫೋಟೋ ಬರತೈತಿ" ಎಂದ ಆತ, ಟಿವಿಗೆ ಜೋಡಿಸಿ ನೋಡಿ.

"ಅದ್ರಾಗ ನಾನೊಬ್ಬಾಕೀನ ಅದೀನಿ, ತಮ್ಮಾ" ಎಂದರು ಅವರು. "ಮನ್ಯಾಗೂ ಹಂಗ. ಇಲ್ಲೇ ಇರ್ಲಿ ಬಿಡು."

ಈಗ ನಾನು ಅಂಗಡಿಯ ಮೇಲಿನ ಹಲಗೆಯಲ್ಲಿದ್ದೇನೆ. ಡಿವಿಡಿ ಕೇಳಿಕೊಂಡು ಯಾರೂ ಬರುವುದಿಲ್ಲ. ಕೆಳಗೆ ಬಂದು ಹೋಗುವವರ ಮಾತು, ನಗು, ಜಗಳ ಎಲ್ಲ ಇಲ್ಲಿಗೆ ಕೇಳುತ್ತದೆ. ಒಂದನ್ನೂ ಉಳಿಸಿಕೊಳ್ಳಲಾರೆ. ಆದರೂ ಇತ್ತೀಚೆಗೆ ಪ್ರತಿಯೊಬ್ಬರ ಮಾತನ್ನೂ ಅದಕ್ಕೆ ಬರುವ ಉತ್ತರವನ್ನೂ ಕೊನೆಯವರೆಗೆ ಕೇಳುತ್ತೇನೆ.