ಪೆತ್ರಾಕೆಯ ಕೊಡತಿ

ರುಕ್ಸಾಂದ್ರಾಗೆ ಎಲ್ಲವೂ ತೆಳುವಾಗಿರಬೇಕು. ಬ್ರೆಡ್ಡನ್ನು ತೆಳ್ಳಗೆ ಕೊಯ್ಯುತ್ತಿದ್ದಳು, ಅದರ ಮೇಲಿಡುವ ಉಪ್ಪಿನ ಹಂದಿಕೊಬ್ಬನ್ನು ಇನ್ನೂ ತೆಳ್ಳಗೆ. ನಮ್ಮ ಗುಳಿಗೆಮನೆಗೆ ಎಂಜಿನಿಯರಾಗಿ ಬಂದವಳು ರೂಪಿಸಿದ ಮೊದಲ ಗುಳಿಗೆಯೂ ಹಾಗೆಯೇ ಇತ್ತು. ಮಗುವಿನ ಬೆರಳಿಗೆ ಹಾಕಬಹುದಾದಂಥ ಬಿಳಿಯ ಉಂಗುರ, ಬೆಳಕಿಗೆ ಹಿಡಿದರೆ ಅಂಚು ಮಿನುಗುತ್ತಿತ್ತು.

ಮುರೆಶ್ ನದಿಯ ದಂಡೆಯ ಗೊಬ್ಬರದ ಕಾರ್ಖಾನೆ ನಮ್ಮದು. ಅಲ್ಲಿನ ದೊಡ್ಡ ಕುಲುಮೆಯೊಳಗೆ ಮೂರಂತಸ್ತಿನ ಮನೆಯಷ್ಟು ಎತ್ತರದ ಉಕ್ಕಿನ ಕೊಳವೆಗಳು ಸಾಲಾಗಿ ನಿಂತಿರುತ್ತವೆ. ಅವುಗಳ ತುಂಬ ನಮ್ಮ ಗುಳಿಗೆ. ಮೇಲಿನಿಂದ ಅನಿಲವೂ ಉಗಿಯೂ ನುಗ್ಗಿ, ಗುಳಿಗೆಗಳ ನಡುವೆ ಹಾದು, ಬೇರೆಯೇ ಅನಿಲವಾಗಿ ಕೆಳಗಿಳಿಯುತ್ತದೆ. ಆ ಮಾರ್ಪಾಟು ಮಾಡಿಸುವುದು ಗುಳಿಗೆಗೆ ಊಡಿಸಿದ ನಿಕ್ಕೆಲ್ಲು ಎಂಬ ಲೋಹ. ಆದರೆ ಅಷ್ಟು ಬೆಂಕಿಯಲ್ಲಿ ನಿಕ್ಕೆಲ್ಲು ಒಂಟಿಯಾಗಿ ಬಾಳಲಾರದು, ಕಣಕ್ಕೆ ಕಣ ಅಂಟಿಕೊಂಡು ಮುದ್ದೆಯಾಗುತ್ತದೆ. ಕೂರಲು ಅದಕ್ಕೊಂದು ಗಟ್ಟಿ ಮೈ ಬೇಕು. ಆ ಮೈಯನ್ನು ಜೇಡಿಮಣ್ಣಿನಲ್ಲಿ ಒತ್ತಿ, ಗೂಡಿನಲ್ಲಿ ಸುಟ್ಟು, ಒಡಕು ಆರಿಸುವ ಹೆಂಗಸರು ನಾವು. ಅವರಲ್ಲಿ ಹಿರಿಯಳು ನಾನು, ಎಲ್ಲರಿಗೂ ತಾಂತಿ, ಅಂದರೆ ಚಿಕ್ಕಮ್ಮ.

ರುಕ್ಸಾಂದ್ರಾಳ ಉಂಗುರ ತುಂಬಿದ್ದು ಶರತ್ಕಾಲದಲ್ಲಿ. ಕ್ರಿಸ್‌ಮಸ್ಸಿಗೆ ಮುಂಚೆಯೇ ಕುಲುಮೆಯ ಇಣುಕುಗಂಡಿಯಲ್ಲಿ ನೋಡಿದರೆ ಕೆಲವು ಕೊಳವೆಗಳ ಮೈಮೇಲೆ ಕೆಂಡದಂಥ ಪಟ್ಟೆ. ಒಳಗೆ ಉಂಗುರಗಳು ಪುಡಿಯಾಗಿ ದಾರಿ ಕಟ್ಟಿ, ಅನಿಲ ಹರಿಯದೆ ಉಕ್ಕು ಬೇಯುತ್ತಿತ್ತು.

ಕಾರ್ಖಾನೆಯ ನಿರ್ದೇಶಕರು ಗುಳಿಗೆಮನೆಗೇ ಬಂದು ಹೇಳಿದರು: "ಈಸ್ಟರ್ ಆದ್ಮೇಲೆ ಕುಲುಮೆ ಆರಿಸ್ತೀವಿ. ಆಗ ತುಂಬೋ ಗುಳಿಗೆ ಮುಂದಿನ ಚಳಿಗಾಲ ದಾಟಬೇಕು. ದಾಟಲಿಲ್ವಾ, ಹೊರದೇಶದಿಂದ ತರಿಸ್ತೀವಿ, ಈ ಮನೆಗೆ ಬೀಗ."

ಅವರು ಹೋದಮೇಲೆ, ನನ್ನ ಪಕ್ಕ ಕೂತು ಗುಳಿಗೆ ಆರಿಸುವ ವೆತೂರ್ಯಾ ನನ್ನತ್ತ ತಿರುಗಿ, "ತಾಂತಿ ಸವೆತಾ, ನೀನಾದ್ರೆ ಕೋಳಿ ಸಾಕ್ಕೊಂಡು ಇರ್ತೀಯ. ನಾನು ನನ್ನ ಗಂಡನ ಮುಖ ನೋಡ್ಕೊಂಡು ಕೂತಿರಬೇಕಲ್ಲೇ!" ಅಂದಳು. ಮೇಜಿನ ಸುತ್ತ ಯಾರಿಗೂ ನಗು ಬರಲಿಲ್ಲ.

ರುಕ್ಸಾಂದ್ರಾ ಮೊದಲು ನಮ್ಮ ಗೂಡಿನ ಬೆಂಕಿಯನ್ನು ಅನುಮಾನಿಸಿದಳು, ಆಮೇಲೆ ಜೇಡಿಯನ್ನು. ಕೊನೆಗೆ, ಪಕ್ಕದ ಸಣ್ಣ ಕುಲುಮೆಗೆ ತಾನು ಬರುವ ಮುಂಚಿನ ಹಳೆಯ ಮೊದ್ದು ಗುಳಿಗೆ ತುಂಬುವ ದಿನ, ತಾನೇ ಮೇಲೆ ಹತ್ತಿ ನಿಂತಳು. ತುಂಬುವವರ ಮುಂದಾಳು ಪೆತ್ರಾಕೆ, ಎಮ್ಮೆಯಂಥ ಹೆಗಲಿನವನು. ಕೊಳವೆಯ ತಳದವರೆಗೂ ಬಟ್ಟೆಯ ಉದ್ದ ಚೀಲ ಇಳಿಬಿಟ್ಟು, ಅದರೊಳಗಿಂದ ಗುಳಿಗೆಯನ್ನು ಮೆಲ್ಲಗೆ ಬಿಡಬೇಕೆಂಬುದು ಕಟ್ಟಳೆ. ಆ ಚೀಲ ಮೊಳೆಗೆ ನೇತುಬಿದ್ದಿತ್ತು. ಒಳಗೆ ಅವರ ಮಧ್ಯಾಹ್ನದ ಈರುಳ್ಳಿ. ಗುಳಿಗೆಯನ್ನು ಬಕೆಟ್ಟಿನಿಂದ ನೇರ ಸುರಿಯುತ್ತಿದ್ದರು. ಸುರಿದಮೇಲೆ ಅದು ಕೂರಲೆಂದು ಪೆತ್ರಾಕೆ ಮರದ ಕೊಡತಿಯಿಂದ ಕೊಳವೆಗೆ ಬಾರಿಸುತ್ತಿದ್ದ.

ಅವಳನ್ನು ಕಂಡು ಅವನ ಕೈ ನಿಂತಿತು. ಒಂದು ಮಾತು ಮೇಲಕ್ಕೆ ಹೋದರೆ ಅವನ ಕೆಲಸ ಹೋದಂತೆಯೇ.

"ನ್ಯಾ ಪೆತ್ರಾಕೆ, ಚೀಲ ಯಾಕೆ ಹಾಕಲ್ಲ?" ಅಣ್ಣ ಎನ್ನುವ ಹಾಗೆ ನ್ಯಾ ಸೇರಿಸಿಯೇ ಕೇಳಿದಳು.

"ಅಮ್ಮಾವ್ರೇ, ಇಳಿಸಿ ಎಳೆದು ಇಳಿಸಿ ಎಳೆದು ಪಾಳಿನೇ ಮುಗಿದ್‌ಹೋಗುತ್ತೆ. ಇಲ್ಲಿ ಗಾಳಿ ಮೂಗು ಕೊಯ್ಯುತ್ತೆ. ಕೆಳಗಿಂದ ಬೇಗ ಬೇಗ ಅಂತ ಕಿರುಚ್ತಾರೆ. ಹಳೇ ಗುಳಿಗೆ ಯಾವತ್ತೂ ಗೊಣಗಲಿಲ್ಲ."

ಅವಳು ಯಾರಿಗೂ ದೂರು ಕೊಡಲಿಲ್ಲ. ನಮ್ಮಲ್ಲಿಗೆ ಬಂದು ಉಂಗುರದ ಗೋಡೆಯನ್ನು ಕೊಂಚ ದಪ್ಪ ಮಾಡಿಸಿದಳು. ಸುಟ್ಟು ಮುಗಿದಮೇಲೆ ಮಹಡಿಮೆಟ್ಟಿಲ ಪಕ್ಕ ಒಂದು ಕೊಳವೆ ನಿಲ್ಲಿಸಿ, ಪೆತ್ರಾಕೆಯನ್ನು ಕರೆಸಿದಳು. ಅವನು ಮೇಲೆ, ನಾವು ಕೆಳಗೆ. ಅವನು ಸುರಿದ, ಕೊಡತಿಯಿಂದ ಹೊಡೆದ. ತಳದ ಮುಚ್ಚಳ ತೆಗೆದಾಗ ನಾನು ಹಾಸಿದ ಬಟ್ಟೆಯ ಮೇಲೆ ಉಂಗುರಗಳು ಇಡಿಯಾಗಿ ಉರುಳಿಬಂದವು. ಒಂದೂ ಒಡೆದಿರಲಿಲ್ಲ. ವೆತೂರ್ಯಾ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

ರುಕ್ಸಾಂದ್ರಾ ಮಾತ್ರ ನೆಲದ ಮೇಲೆ ಕೂತು ಒಂದು ಹಿಡಿ ಉಂಗುರ ಎತ್ತಿ ಮೂಸಿದಳು. ನನ್ನ ಮೂಗಿಗೂ ಹಿಡಿದಳು. ಈರುಳ್ಳಿಯ ಘಾಟು.

"ನ್ಯಾ ಪೆತ್ರಾಕೆ, ಕೆಳಗಿಳಿದು ಬನ್ನಿ. ಅಂಗಿಯೊಳಗೆ ಏನಿಟ್ಕೊಂಡಿದ್ದೀರಿ?"

ಅವನು ಮದುವಣಗಿತ್ತಿಯಂತೆ ತಲೆ ತಗ್ಗಿಸಿ ಬಂದ. ಅಂಗಿಯೊಳಗಿಂದ ಆ ಉದ್ದ ಚೀಲ ಹೊರಬಂತು.

"ನಿನ್ನ ಗುಳಿಗೆ ಉಳೀಲಿ ಅಂತ, ಮಗಳೇ. ಕೊಡತೀನೂ ಸುಮ್ನೆ ತಾಗಿಸ್ದೆ. ಈ ಹೆಂಗಸ್ರು ಎಲ್ಲಿಗೆ ಹೋಗ್ತಾರೆ ಪಾಪ?"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಇಲ್ಲಿ ಮೆತ್ತಗೆ ಸುರಿದ್ರಿ. ಅಲ್ಲಿ ಮೇಲೆ, ಆ ಗಾಳೀಲಿ, ಎಲ್ಲ ಕೊಳವೆಗೂ ಹೀಗೇ ಸುರೀತೀರಾ?"

ಪೆತ್ರಾಕೆ ಚೀಲವನ್ನು ಮಡಿಸುತ್ತ, "ಸುರಿಯಲ್ಲ" ಅಂದ.

"ಹಾಗಾದ್ರೆ ಇದು ನಿಮ್ಮ ಕೈಗೇ ತಡೀಬೇಕು. ಹೋಗಿ, ನಿಮ್ಮ ಥರಾನೇ ಹೊಡೀರಿ."

ಈ ಸಲ ಅವನ ಹೊಡೆತಕ್ಕೆ ಗೋಡೆಗೆ ಒರಗಿಸಿದ್ದ ಪೊರಕೆಗಳು ಜಾರಿಬಿದ್ದವು. ಬಟ್ಟೆಯ ಮೇಲೆ ಬಿದ್ದದ್ದು ಅರ್ಧಕ್ಕರ್ಧ ಚೂರು. ವೆತೂರ್ಯಾ ಪೆತ್ರಾಕೆಯನ್ನು ಬಾಯಿತುಂಬ ಬೈದಳು. ರುಕ್ಸಾಂದ್ರಾ ಚೂರುಗಳನ್ನು ಒಂದೊಂದೇ ತಿರುಗಿಸಿ ನೋಡುತ್ತಿದ್ದಳು. ಬಿರುಕೆಲ್ಲ ಹೊರಟಿದ್ದು ಚೂಪು ಅಂಚಿನಿಂದ.

ಆಮೇಲಿನ ವಾರಗಳಲ್ಲಿ ಅವಳು ತನ್ನ ಉಂಗುರವನ್ನು ಬಿಟ್ಟುಕೊಟ್ಟಳು. ಎರಡು ತುದಿಯೂ ಗುಮ್ಮಟದಂತೆ ಉಬ್ಬಿದ, ಮೈಯಲ್ಲಿ ಸಣ್ಣ ತೂತುಗಳಿದ್ದ ಗುಂಡು ಗುಳಿಗೆ ಬಂತು. ಮೊದಲು ಅದನ್ನು ಜೋರು ಬೆಂಕಿಯಲ್ಲಿ ಸುಟ್ಟು, ಆಮೇಲೆ ನಿಕ್ಕೆಲ್ಲು ಊಡಿಸಿದೆವು. ಅನಿಲ ತಾಗುವ ಮೈ ಕಡಿಮೆಯಾಯಿತು. ಅದು ಅವಳಿಗೆ ನೋವಿನ ಸಂಗತಿ.

"ತಾಂತಿ, ಎಷ್ಟು ದಪ್ಪಗಿದೆ ನೋಡಿ. ನನ್ನ ಪ್ರೊಫೆಸರ್ ಕಂಡ್ರೆ ನಗ್ತಾರೆ."

"ನಗ್ಲಿ ಬಿಡು. ನಿನ್ನ ಪ್ರೊಫೆಸರ್ ಕೈಲಿ ಕೊಡತಿ ಇದೆಯಾ?" ಅಂದೆ.

ಮತ್ತೆ ಪೆತ್ರಾಕೆ ಬಂದ. ಕೇಳುವ ಮೊದಲೇ ಅಂಗಿ ಬಿಚ್ಚಿ ಒಳಗೇನೂ ಇಲ್ಲವೆಂದು ಎಲ್ಲರಿಗೂ ತೋರಿಸಿದ. ಹೆಂಗಸರೆಲ್ಲ ಕೇಕೆ ಹಾಕಿದರು. ಅವನು ಸುರಿದು, ಬೆವರಿಳಿಯುವ ತನಕ ಬಾರಿಸಿದ. ಬಟ್ಟೆಯ ಮೇಲೆ ಗುಳಿಗೆ ಆಲಿಕಲ್ಲಿನಂತೆ ಬಿತ್ತು. ಅಲ್ಲೊಂದು ಇಲ್ಲೊಂದು ಒಡೆದಿತ್ತು, ಉಳಿದದ್ದೆಲ್ಲ ಇಡಿ. ಒಡೆದವನ್ನು ಆರಿಸಿ ಬೊಗಸೆಯಲ್ಲಿ ಹಿಡಿದು ರುಕ್ಸಾಂದ್ರಾ, "ಈಗ ನಂಬ್ತೀನಿ" ಅಂದಳು.

ಈಸ್ಟರ್ ಕಳೆದು ದೊಡ್ಡ ಕುಲುಮೆಗೆ ಅದನ್ನೇ ತುಂಬಿದರು. ಚಳಿಗಾಲ ಬಂತು, ಮುರೆಶ್ ದಂಡೆಯಿಂದ ಹೆಪ್ಪುಗಟ್ಟುತ್ತ ಬಂದು ನಡುವಿನವರೆಗೂ ಕಟ್ಟಿತು, ಕರಗಿತು. ಆ ತಿಂಗಳುಗಳಲ್ಲಿ ನಾವು ಒಬ್ಬೊಬ್ಬರಾಗಿ ಯಾವುದೋ ನೆಪ ಹೇಳಿ ಇಣುಕುಗಂಡಿಗೆ ಹೋಗಿಬರುತ್ತಿದ್ದೆವು. ಕೊಳವೆಗಳೆಲ್ಲ ಒಂದೇ ಬಣ್ಣ, ಪಟ್ಟೆಯಿಲ್ಲ. ಹಿಮ ಕರಗಿದ ಮೇಲೆ ನಿರ್ದೇಶಕರೂ ಇಣುಕಿದರು. ಗಂಡಿ ಮುಚ್ಚಿ, ಕನ್ನಡಕ ಒರೆಸಿಕೊಂಡು, ಸಣ್ಣ ಕುಲುಮೆಗೂ ಅದೇ ಗುಳಿಗೆ ಮಾಡಿಕೊಡಿ ಅಂದರು.

ಅದನ್ನು ತುಂಬುವ ದಿನ ನಾವು ಊಟಕ್ಕೆ ಕೂತಿದ್ದೆವು. ಮೇಲಿನಿಂದ ಕೊಡತಿಯ ಸದ್ದು ಬರುತ್ತಿತ್ತು, ಒಂದಾದ ಮೇಲೊಂದು, ಲೋಟದ ನೀರು ನಡುಗುವಷ್ಟು. ನಾನು ರುಕ್ಸಾಂದ್ರಾಳ ಕೈ ನೋಡಿದೆ. ಅದು ನಿಲ್ಲದೆ ಬ್ರೆಡ್ಡು ಕೊಯ್ಯುತ್ತಿತ್ತು, ಎಂದಿನಷ್ಟೇ ತೆಳ್ಳಗೆ.